ನಮ್ಮ ಗೋಡೆಯ ಕೊನೆಯ ಸಾಲು

ನನಗೆ ಕಣ್ಣು ಮೂರು. ಎರಡು ಹುಟ್ಟುವಾಗ ಬಂದವು, ಮೂರನೆಯದು ಮದುವೆಯಲ್ಲಿ ಬಂತು. ಮೊದಲಿನ ಎರಡು ಎಪ್ಪತ್ತು ವರ್ಷ ದುಡಿದು ದಣಿದು ಮಬ್ಬಾಗಿವೆ. ಮೂರನೆಯದು ಮಾತ್ರ ದಿನದಿನಕ್ಕೆ ಹರಿತವಾಗುತ್ತಿದೆ. ನಾನು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ, ಅದು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ ಬೆನ್ನು ಈ ಕಡೆ ಹಾಕಿಕೊಂಡೇ ನೋಡುತ್ತದೆ. ಅಂಥ ಕಣ್ಣಿಗೆ ಮಣ್ಣೆರಚಿ ಎರಡು ವರ್ಷ ಸಂಸಾರ ಮಾಡಿದವನು ನಾನು. ಹಾಗೆಂದುಕೊಂಡಿದ್ದೆ, ಅಷ್ಟೆ.

ಗುಟ್ಟು ಇಷ್ಟು. ನನ್ನ ಎಡಗಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣೂ ಆ ಎಡದ ಅಣ್ಣನ ದಾರಿಯನ್ನೇ ಹಿಡಿದಿತ್ತು. ಲೋಕವೆಲ್ಲ ನನಗೆ ಸ್ನಾನದ ಮನೆಯ ಕನ್ನಡಿಯ ಹಾಗೆ ಹಬೆ ಕಟ್ಟಿ ಕಾಣುತ್ತಿತ್ತು. ಒಂದು ಸಂಜೆ ನಡುಮನೆಯಲ್ಲಿ ಯಾರೋ ಬಹಳ ಹೊತ್ತಿನಿಂದ ನಿಂತೇ ಇದ್ದಾರಲ್ಲ ಎಂದು, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಇದು ನಿಮ್ಮ ಮನೆ ಅಂತ ತಿಳ್ಕೊಳ್ಳಿ" ಎಂದು ಉಪಚರಿಸಿದೆ. ಅದು ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟು. (ಪುಣ್ಯಕ್ಕೆ ಕೂರಲಿಲ್ಲ.)

ಬೇರೆ ಯಾರಾದರೂ ಆಗಿದ್ದರೆ ಹೇಳಿಕೊಂಡುಬಿಡುತ್ತಿದ್ದರು. ನಾನು ಹೇಗೆ ಹೇಳಲಿ? ನಲವತ್ತೆರಡು ವರ್ಷ ಬೋರ್ಡು ಬರೆದವನು. ಈ ಬೀದಿಯ ಹಲ್ಲಿನ ಡಾಕ್ಟರ ಬೋರ್ಡಿನಿಂದ ಹಿಡಿದು 'ನಾಯಿ ಇದೆ ಎಚ್ಚರಿಕೆ'ಯವರೆಗೆ (ಆ ನಾಯಿ ಸತ್ತು ಹನ್ನೊಂದು ವರ್ಷವಾಯಿತು, ಅಕ್ಷರ ಇನ್ನೂ ಬೊಗಳುತ್ತಿದೆ) ಎಲ್ಲವೂ ನನ್ನ ಕುಂಚದ ಪ್ರಸಾದ. 'ಪೇಂಟರ್ ತಾತನಿಗೆ ಕಣ್ಣು ಹೋಯಿತಂತೆ' ಎಂದು ಒಬ್ಬ ಅಂದರೆ ಇನ್ನೊಬ್ಬ ಕುಣಿಯುತ್ತಾನೆ. ಅದಕ್ಕಿಂತ ಹೆಚ್ಚಿನದು ಹೆದರಿಕೆ. ಕಣ್ಣಿನ ಹತ್ತಿರ ಯಾರಾದರೂ ಬೆರಳು ತಂದರೂ ಸಾಕು, ನನ್ನ ಜೀವ ಕಾಲಿನ ಹೆಬ್ಬೆರಳಿಗೆ ಇಳಿದು ಅಲ್ಲಿಂದ ಚಪ್ಪಲಿ ಹಾಕಿಕೊಂಡು ಹೊರಟುಬಿಡುತ್ತದೆ.

ಹೀಗಿರುವಾಗ ನರ್ಸಮ್ಮ ಬಂದಳು. ರಸ್ತೆಯ ಕೊನೆಯ ತಿರುವಿನಲ್ಲಿ ಮೂರು ಕೋಣೆಯ ಆರೋಗ್ಯ ಕೇಂದ್ರವಿದೆ, ಅಲ್ಲಿಯವಳು. ಬಂದವಳೇ ಜಗಲಿಯ ಮೇಲೆ ಕುಸಿದು ಕುಳಿತಳು.

"ತಾತ, ನಮ್ಮಲ್ಲಿ ಎಲ್ಲಾ ಇದೆ. ಎಲ್ಲರಿಗೂ ಪುಕ್ಕಟೆ, ಬಡವ ಬಲ್ಲಿದ ಅಂತ ಕೇಳೋದೇ ಇಲ್ಲ. ಬಿಪಿ, ಶುಗರ್, ಹಲ್ಲು, ಹೆರಿಗೆ, ಮಕ್ಕಳ ಚುಚ್ಚುಮದ್ದು. ಕಣ್ಣಿನ ಆಪರೇಷನ್ನಿಗೂ ಚೀಟಿ ಬರೆದುಕೊಟ್ಟು ದೊಡ್ಡಾಸ್ಪತ್ರೆಗೆ ಕಳಿಸ್ತೀವಿ. ಏನಿಲ್ಲ ಅಂದ್ರೆ ಜನ ಇಲ್ಲ! ನಿನ್ನೆ ಇಡೀ ದಿನಕ್ಕೆ ಬಂದಿದ್ದು ಒಬ್ಬರು. ಅವರೂ ಬಂದಿದ್ದು ಬಿಸಿಲು ಜಾಸ್ತಿ, ಸ್ವಲ್ಪ ನೆರಳಲ್ಲಿ ಕೂತ್ಕೋತೀನಿ ಅಂತ."

ಜನ ಯಾಕೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ನಮ್ಮ ಬೀದಿಯಲ್ಲಿ ವಿಷಯ ತಿಳಿಯದವರು ಅರ್ಧ, ತಪ್ಪು ತಿಳಿದವರು ಅರ್ಧ. ಪುಕ್ಕಟೆ ಮಾತ್ರೆಯೊಳಗೆ ಬರೀ ಸುಣ್ಣ ಎಂದು ಇಸ್ತ್ರಿಯವನ ಸಿದ್ಧಾಂತ. ಇವತ್ತು ಹೆಸರು ಬರೆಸಿಕೊಂಡವರು ನಾಳೆ ಮನೆ ಬರೆಸಿಕೊಳ್ಳುತ್ತಾರೆ ಎಂದು ಟೈಲರಮ್ಮನ ಭಯ. ನಿವೃತ್ತ ಬಸ್ ಡ್ರೈವರ್ ಒಬ್ಬರಿದ್ದಾರೆ, ಆರೂಕಾಲು ಅಡಿ, ಬೀದಿಯವರೆಲ್ಲ 'ಲಂಬೂ ಮಾವ' ಅನ್ನುತ್ತಾರೆ. ಅವರದು ಇನ್ನೂ ಆಳವಾದ ಸಂಶೋಧನೆ: "ಪುಕ್ಕಟೆ ಆಪರೇಷನ್ ಅಂದ್ರೆ ಕಲಿಯೋರು ಮಾಡೋದು. ನಾನು ಬಸ್ಸು ಕಲಿತದ್ದು ಹೇಗೆ ಅಂತ ನನಗೆ ಗೊತ್ತಿಲ್ವಾ?"

"ನಿಮ್ಮ ಕಾಂಪೌಂಡ್ ಗೋಡೆ ರಸ್ತೆಗೇ ಇದೆ," ಎಂದಳು ನರ್ಸಮ್ಮ. "ಏನೇನು ಸಿಗುತ್ತೆ, ಎಲ್ಲಿ, ಯಾವಾಗ ಅಂತ ಅದರ ಮೇಲೆ ಬರೆದುಕೊಡಿ ತಾತ. ನಿಮ್ಮ ಅಕ್ಷರಕ್ಕೆ ಜನ ನಿಲ್ತಾರೆ."

ಹೊಗಳಿಕೆಗೆ ಮನಸೋಲದ ಕಲಾವಿದನಿದ್ದರೆ ತೋರಿಸಿ. ಮಾರನೆಯ ಬೆಳಿಗ್ಗೆಯೇ ಗೋಡೆಗೆ ಸುಣ್ಣ ಬಳಿಸಿ, ದಾರ ಮಿಡಿದು ಗೆರೆ ಹಾಕಿ, ನೀಲಿ ಬಣ್ಣದ ಡಬ್ಬಿ ತೆರೆದೆ. ಕಣ್ಣು? ಅದರ ಚಿಂತೆ ಬೇಡ. ಕುದುರೆಗೆ ಮನೆದಾರಿ ಗೊತ್ತಿರುವ ಹಾಗೆ ನನ್ನ ಕೈಗೆ ಅಕ್ಷರ ಗೊತ್ತು. ಕಣ್ಣು ಸುಮ್ಮನೆ ಗಾಡಿಯಲ್ಲಿ ಕೂತು ಹೋಗುತ್ತದೆ.

ಆದರೆ ಬೋರ್ಡು ಬರೆಯುವವರ ಕುಲಕ್ಕೇ ಅಂಟಿದ ಒಂದು ರೋಗವಿದೆ. ಅದಕ್ಕೆ ಯಾವ ಕೇಂದ್ರದಲ್ಲೂ ಔಷಧಿಯಿಲ್ಲ. ಗೋಡೆ ಖಾಲಿ ಕಂಡರೆ ಕೈ ಧಾರಾಳವಾಗುತ್ತದೆ. ನಾನು 'ಓ ನಾಗರಿಕನೇ!' ಎಂದು ಶುರು ಮಾಡಿದೆ. 'ಓ' ಒಂದೇ ನಾಲ್ಕಡಿ ಬಂತು. 'ಆರೋಗ್ಯವೆಂಬ ಅಮೃತಕಲಶವು ನಿನ್ನ ಹೊಸ್ತಿಲಲ್ಲಿ ನಿಂತು ಕೈಬೀಸಿ ಕರೆಯುತಿಹುದು!' ಎಂಬಷ್ಟರಲ್ಲಿ ಮುಕ್ಕಾಲು ಗೋಡೆ ಮುಗಿದಿತ್ತು. ಏನೇನು ಪುಕ್ಕಟೆ, ಎಲ್ಲಿ, ಯಾವ ದಿನ, ಏನು ತರಬೇಕು ಎಂಬ ಕ್ಷುಲ್ಲಕ ವಿಚಾರಗಳೆಲ್ಲ ಉಳಿದ ಒಂದು ಗೇಣಿನಲ್ಲಿ ಇರುವೆ ಸಾಲಾಗಿ ಹರಿದವು. ಅಡಿಯಲ್ಲಿ ಕಿರೀಟವಿಟ್ಟ ಹಾಗೆ (ಕಿರೀಟ ಅಡಿಯಲ್ಲಿ ಇಡುವುದಿಲ್ಲ, ನನಗೂ ಗೊತ್ತು) ನನ್ನದೇ ಸ್ವಂತ ಸೂಕ್ತಿ ಬರೆದೆ: 'ಕಣ್ಣಿದ್ದೂ ಕಾಣದವನೇ ನಿಜವಾದ ಕುರುಡ, ಬಾ, ಬೆಳಕ ಕಾಣು!'

ನನ್ನವಳು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. ಅವಳು ಮೂವತ್ತು ವರ್ಷ ಶಿಶುವಿಹಾರದಲ್ಲಿ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಕಾವ್ಯಕ್ಕೆ ಅಲ್ಲಿ ಅವಕಾಶವಿರಲಿಲ್ಲ.

"ಏನ್ರೀ ಇದು?"

"ಹೇಗಿದೆ?"

"ಊಟಕ್ಕೆ ಕರೆದು ಎಲೆ ತುಂಬ ಉಪ್ಪಿನಕಾಯಿ ಬಡಿಸಿದ ಹಾಗಿದೆ. ಅನ್ನ ಎಲ್ಲಿ?"

"ಕೆಳಗಿದೆಯಲ್ಲ, ಎಲ್ಲಾ ವಿವರ ಇದೆ."

"ಯಾರು ಓದ್ಬೇಕು ಅದನ್ನ, ಗೆದ್ದಲಾ?"

ಕಲೆಯ ಬಗ್ಗೆ ಹೆಂಗಸರ ಜೊತೆ ವಾದ ಮಾಡಬಾರದು. ನಾನು ಮಾಡಿದೆ, ಸೋತೆ, ಊಟ ಮಾಡಿದೆ, ಮಲಗಿದೆ.

ಜನ ನಿಂತದ್ದೇನೋ ನಿಜ. 'ಓ' ನೋಡಿ ನಿಲ್ಲುತ್ತಿದ್ದರು. ಆಮೇಲೆ ಬಗ್ಗುತ್ತಿದ್ದರು. ಇನ್ನೂ ಬಗ್ಗುತ್ತಿದ್ದರು. ಲಂಬೂ ಮಾವ ಅಷ್ಟೆತ್ತರದಿಂದ ಆ ಇರುವೆ ಸಾಲಿಗೆ ಇಳಿದವರು ತಿರುಗಿ ಏಳಲಾಗದೆ, ಅದೇ ಭಂಗಿಯಲ್ಲಿ ಮನೆ ಸೇರಿದರು. ಗೋಡೆಯ ಬುಡದಲ್ಲಿ ಹಣೆ ತಾಗಿ ತಾಗಿ ಸುಣ್ಣ ಸವೆಯಿತು. ಓದಲಾಗದವರು ನೇರ ಒಳಗೆ ಬಂದು ನನ್ನವಳನ್ನು ಕೇಳುತ್ತಿದ್ದರು. "ಟೀಚರಮ್ಮ, ಹಲ್ಲಿಗೆ ಯಾವತ್ತು?" "ಟೀಚರಮ್ಮ, ಮಗೂಗೆ ಏನು ತರ್ಬೇಕು?" ಅವಳು ಸಾರಿಗೆ ಒಗ್ಗರಣೆ ಹಾಕುವುದನ್ನು ಬಿಟ್ಟು ಬಂದು ಹೇಳಿ, ತಿರುಗಿ ಹೋಗಿ ಸೀದ ಒಗ್ಗರಣೆಯನ್ನು ನನಗೆ ಬಡಿಸುತ್ತಿದ್ದಳು. ಹದಿನೈದು ದಿನ ನಮ್ಮ ಮನೆಯ ಸಾರು ಆರೋಗ್ಯ ಪ್ರಚಾರದ ವಾಸನೆ ಹೊಡೆಯಿತು.

"ನಿಮಗೂ ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ," ಎಂದಳು ಒಂದು ದಿನ, ತಟ್ಟೆ ಇಡುತ್ತಾ, ಏನೂ ವಿಶೇಷವಿಲ್ಲವೆಂಬಂತೆ.

"ನನ್ನ ಕಣ್ಣಿಗೇನಾಗಿದೆ? ಹದ್ದಿನ ಕಣ್ಣು!"

"ಹದ್ದೇ, ಲೋಟ ಇಲ್ಲಿದೆ. ಅದು ಊದುಬತ್ತಿ ಡಬ್ಬಿ."

ನಾನು ಊದುಬತ್ತಿ ಡಬ್ಬಿಯನ್ನು ಕೆಳಗಿಟ್ಟು, ಯೋಚನೆಯಲ್ಲಿದ್ದೆ ಅಂದೆ. ಆಮೇಲೆ ಎರಡು ದಿನ ತಂಗಿಯ ಮನೆಗೆ ಹೋಗಿಬಂದೆ. ಹೆಂಡತಿ ಹೆಚ್ಚು ಪ್ರಶ್ನೆ ಕೇಳುವಾಗ ತಂಗಿಯ ಮೇಲೆ ಪ್ರೀತಿ ಉಕ್ಕುವುದು ಗಂಡಸರಲ್ಲಿ ಸಹಜ.

ಬಂದು ನೋಡುತ್ತೇನೆ, ಪವಾಡವಾಗಿತ್ತು. ಗೋಡೆಯ ಮುಂದೆ ಯಾರೂ ಬಗ್ಗುತ್ತಿಲ್ಲ. ನಿಂತು, ತಲೆಯಾಡಿಸಿ, ಸೀದಾ ಕೊನೆಯ ತಿರುವಿನತ್ತ ಹೋಗುತ್ತಿದ್ದಾರೆ! ಟೈಲರಮ್ಮ ಶುಗರ್ ನೋಡಿಸಿಕೊಂಡಳಂತೆ. ಇಸ್ತ್ರಿಯವನು ಸುಣ್ಣದ ಮಾತ್ರೆ ನುಂಗಿ ಕೆಮ್ಮು ಬಿಟ್ಟನಂತೆ. ನರ್ಸಮ್ಮ ದಾರಿಯಲ್ಲಿ ಸಿಕ್ಕಿ, "ತಾತ, ನಿನ್ನೆ ಮೂವತ್ತೊಂದು ಜನ! ಎಲ್ಲರೂ ಗೋಡೆ ನೋಡಿ ಬಂದ್ವಿ ಅಂತಾರೆ," ಎಂದಾಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಮೂರನೆಯ ಗುಂಡಿ ಹಾರಿ ಎದುರುಮನೆಯ ಕಿಟಕಿಗೆ ಬಡಿಯಿತು. ಒಳ್ಳೆಯ ಕಾವ್ಯ ಜನರ ಮನಸ್ಸಿಗೆ ಇಳಿಯಲು ಹದಿನೈದು ದಿನ ಬೇಕು ಎಂದು ನನ್ನವಳಿಗೆ ಬುದ್ಧಿ ಹೇಳಿದೆ.

"ಹೌದೌದು," ಎಂದು ಅವಳು ನನ್ನ ಮುಖವನ್ನೇ ನೋಡಿದಳು. ಬಹಳ ಹೊತ್ತು ನೋಡಿದಳೆಂದು ಕಾಣುತ್ತದೆ. ನನಗೆ ಹಬೆಯಲ್ಲಿ ಸರಿಯಾಗಿ ಗೊತ್ತಾಗಲಿಲ್ಲ.

ಒಂದು ವಾರ ಕಳೆಯುವಷ್ಟರಲ್ಲಿ ಗೌರವವೂ ಸುರಿಯತೊಡಗಿತು. ರಸ್ತೆ ದಾಟಲು ನಿಂತರೆ ಸಾಕು, ಎಲ್ಲಿಂದಲೋ ಒಂದು ಕೈ ಬಂದು ನನ್ನ ಮೊಣಕೈ ಹಿಡಿಯುತ್ತಿತ್ತು. ಇಸ್ತ್ರಿಯವನು ಕಾದ ಪೆಟ್ಟಿಗೆಯನ್ನು ಬಟ್ಟೆಯ ಮೇಲೆ ಬಿಟ್ಟು ಓಡಿಬಂದು ದಾಟಿಸುತ್ತಿದ್ದ. (ಒಬ್ಬರ ಪ್ಯಾಂಟು ಹೋಯಿತಂತೆ.) ಟೈಲರಮ್ಮ, "ಮೆಟ್ಟಿಲಿದೆ ತಾತ, ನಿಧಾನ," ಎನ್ನುತ್ತಿದ್ದಳು. ಲಂಬೂ ಮಾವ ರಸ್ತೆಯ ನಡುವೆ ನಿಂತು ಎರಡೂ ಕಡೆಯ ಗಾಡಿಗಳನ್ನು ತಡೆದು ನನ್ನನ್ನು ದಾಟಿಸಿದರು. ಒಂದು ದಿನ ನಾನು ದಾಟಬೇಕೆಂದೇ ಇರಲಿಲ್ಲ, ಸುಮ್ಮನೆ ನಿಂತಿದ್ದೆ. ಇಬ್ಬರು ಅಪರಿಚಿತರು ಹಿಡಿದು ಆಚೆ ಬದಿಗೆ ಬಿಟ್ಟುಬಂದರು. ಸಮಾಜಸೇವೆ ಮಾಡಿದವನನ್ನು ಸಮಾಜ ಹೀಗೆ ಕೈಹಿಡಿದು ನಡೆಸುತ್ತದೆ ಎಂದುಕೊಂಡು, ಈಚೆ ಬದಿಗೆ ತಿರುಗಿ ಬರಲು ಇನ್ನಿಬ್ಬರಿಗಾಗಿ ಕಾದು ನಿಂತೆ.

ಆಮೇಲೆ ಆ ದಿನ ಬಂತು. ಬೀದಿ ಬೀದಿಗೆ ಹೋಗಿ ಕಣ್ಣು ನೋಡುವ ದಿನ. ನರ್ಸಮ್ಮನ ಜೊತೆ ಕಣ್ಣು ಪರೀಕ್ಷೆ ಮಾಡುವವನೊಬ್ಬ ಒಂದು ಕುರ್ಚಿ, ಒಂದು ಟಾರ್ಚು, ಅಕ್ಷರಗಳ ಒಂದು ಚಾರ್ಟು ಹಿಡಿದು ಬಂದ. ನೆರಳಿದೆಯೆಂದು ನಮ್ಮ ಗೋಡೆಯ ಎದುರಿನ ಬದಿಯಲ್ಲೇ ಕುರ್ಚಿ ಹಾಕಿದರು. ಬೀದಿಯ ಜನವೆಲ್ಲ ನೆರೆದರು. ನಾನು ಹಿತ್ತಲ ಬಾಗಿಲಿನಿಂದ ತಂಗಿಯ ಮನೆಗೆ ಹೊರಟಿದ್ದೆ. ನನ್ನವಳು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು.

"ನೀವೇ ಮೊದಲು ಕೂರ್ಬೇಕಂತೆ. ನೀವು ಕೂತ್ರೆ ಜನಕ್ಕೆ ಧೈರ್ಯ."

"ನನಗೆ ಕೆಲಸ ಇದೆ ಕಣೇ."

"ಇಷ್ಟು ದೊಡ್ಡ 'ಓ' ಬರೆದು ಊರನ್ನೆಲ್ಲ ಕರೆದು ನೀವೇ ಓಡಿಹೋದ್ರೆ ಏನಂತಾರೆ?"

ಕೂತೆ. ಚಾರ್ಟನ್ನು ಗೇಟಿಗೆ ನೇತುಹಾಕುತ್ತಿದ್ದರು. ಬಿಳಿಯ ಹಾಳೆ ಎಂಬುದಷ್ಟೇ ನನಗೆ ಕಂಡದ್ದು. ಅದರಲ್ಲಿ ಅಕ್ಷರವಿದೆಯೋ ಮೊಸರು ಚೆಲ್ಲಿದೆಯೋ ದೇವರೇ ಬಲ್ಲ. ಮಾನ ಹೋಗುವುದು ಖಂಡಿತ ಎಂದುಕೊಂಡಾಗ ಮಿಂಚಿನಂತೆ ಒಂದು ಉಪಾಯ ಹೊಳೆಯಿತು. ಇಂಥ ಉಪಾಯಗಳು ನನಗೆ ವರ್ಷಕ್ಕೊಮ್ಮೆ ಹೊಳೆಯುತ್ತವೆ. ಅದರ ಪರಿಣಾಮ ಅನುಭವಿಸಲು ಉಳಿದ ಹನ್ನೊಂದು ತಿಂಗಳು ಹಿಡಿಯುತ್ತದೆ.

"ಏನಪ್ಪಾ," ಎಂದೆ ಪರೀಕ್ಷೆಯವನಿಗೆ, ಎಲ್ಲರಿಗೂ ಕೇಳುವಂತೆ. "ನಲವತ್ತೆರಡು ವರ್ಷ ಊರಿಗೆ ಓದೋಕೆ ಬರೆದುಕೊಟ್ಟವನು ನಾನು. ನನ್ನ ಮುಂದೆ ರಟ್ಟಿನ ಚಾರ್ಟ್ ಹಿಡೀತೀಯಾ? ಅಗೋ ಗೋಡೆ! ರಸ್ತೆ ಈಚೆಯಿಂದ ಅದರ ಕೊನೇ ಸಾಲು ಓದ್ತೀನಿ, ನೋಡು. ನಿನ್ನ ಚಾರ್ಟಿಗಿಂತ ಚಿಕ್ಕಕ್ಷರ."

ನನ್ನ ಸೂಕ್ತಿ ನನಗೆ ಬಾಯಿಪಾಠವಲ್ಲವೇ! ನನ್ನವಳು ಬೇಡ ಅನ್ನುತ್ತಾಳೆಂದುಕೊಂಡೆ. ಆದರೆ ಅವಳು, "ಹಾಗೇ ಆಗ್ಲಿ ಬಿಡಿ," ಎಂದುಬಿಟ್ಟಳು. ನನ್ನ ಐವತ್ತು ವರ್ಷದ ದಾಂಪತ್ಯದಲ್ಲಿ ಅವಳು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು. ಅಲ್ಲಿಯೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎಡಗಣ್ಣು ಮುಚ್ಚಿಸಿದರು. ನಾನು ಗಂಟಲು ಸರಿಮಾಡಿಕೊಂಡು, ಕೈ ಚಾಚಿ, ರಾಜಗಾಂಭೀರ್ಯದಿಂದ ಹೇಳಿದೆ: "ಕಣ್ಣಿದ್ದೂ ಕಾಣದವನೇ ನಿಜವಾದ ಕುರುಡ! ಬಾ, ಬೆಳಕ ಕಾಣು!"

ಪರೀಕ್ಷೆಯವನು ಗೋಡೆ ನೋಡಿದ, ನನ್ನನ್ನು ನೋಡಿದ.

"ತಾತ, ಇನ್ನೊಂದ್ಸಲ ಓದಿ."

ಇನ್ನೂ ಗಟ್ಟಿಯಾಗಿ ಓದಿದೆ. ಈ ಸಲ ಎಲ್ಲೋ ಒಬ್ಬರು ಕಿಸಕ್ಕೆಂದರು. ಆಮೇಲೆ ಬೀದಿಗೆ ಬೀದಿಯೇ ಕಟ್ಟೆ ಒಡೆದ ಹಾಗೆ ನಕ್ಕಿತು. ಲಂಬೂ ಮಾವನ ನಗು ಎತ್ತರದಿಂದ ಬೀಳುತ್ತಿದ್ದರಿಂದ ಹೆಚ್ಚು ಪೆಟ್ಟಾಯಿತು.

"ಏನಿದೆಯೋ ಅಲ್ಲಿ?" ಎಂದೆ ಇಸ್ತ್ರಿಯವನಿಗೆ.

"ಬೇಡ ಬಿಡಿ ತಾತ."

"ಓದೋ!"

ಅವನು ಅಪರಾಧಿಯ ದನಿಯಲ್ಲಿ ಓದಿದ: "'ಈ ಮನೆಯ ಪೇಂಟರ್ ತಾತನಿಗೆ ಕಣ್ಣು ಕಾಣಿಸುವುದಿಲ್ಲ. ರಸ್ತೆ ದಾಟುವಾಗ ಕೈ ಹಿಡಿದುಕೊಳ್ಳಿ. ಅವರಿಗೆ ಹೇಳಬೇಡಿ.'"

ನಾನು ಕುರ್ಚಿಯಿಂದ ಎದ್ದು ರಸ್ತೆ ದಾಟಿದೆ. (ನಾಲ್ಕು ಕೈಗಳು ಹಿಡಿದುಕೊಂಡವು. ಅಭ್ಯಾಸಬಲ.) ಗೋಡೆಗೆ ಮೂಗು ತಾಗಿಸಿ ನೋಡಿದೆ. ನನ್ನ ನಾಲ್ಕಡಿಯ 'ಓ' ಒಂದು ಉಳಿದು ಮಿಕ್ಕದ್ದೆಲ್ಲ ಮಾಯ. ಅಮೃತಕಲಶ ಇಲ್ಲ, ಕೈಬೀಸಿ ಕರೆದವರಿಲ್ಲ. ಅದರ ಜಾಗದಲ್ಲಿ ಕಂಬಳಿಹುಳುವಿನಷ್ಟು ದಪ್ಪದ ಅಕ್ಷರ: 'ಹಲ್ಲು ನೋವು: ಮಂಗಳವಾರ. ಮಕ್ಕಳ ಚುಚ್ಚುಮದ್ದು: ಬುಧವಾರ. ಕಣ್ಣು: ಶುಕ್ರವಾರ. ಎಲ್ಲರಿಗೂ ಪುಕ್ಕಟೆ. ಗುರುತಿನ ಚೀಟಿ ತಂದರೆ ಸಾಕು. ಇಲ್ಲಿಂದ ಎಡಕ್ಕೆ ಇನ್ನೂರು ಹೆಜ್ಜೆ.' ಅಕ್ಷರ ಯಾರದ್ದೆಂದು ಕೇಳಬೇಕಾಗಿರಲಿಲ್ಲ. ಮೂವತ್ತು ವರ್ಷ ಸ್ಲೇಟಿನ ಮೇಲೆ ದುಂಡಾದ ಅಕ್ಷರ ಅದು.

"ಯಾವಾಗ ಬರೆದ್ಯೇ ಇದನ್ನ?" ಎಂದು ಗುಡುಗಿದೆ.

"ನೀವು ತಂಗಿ ಮನೆಗೆ ಹೋದಾಗ. ಮೂರು ವಾರ ಆಯ್ತು."

"ನನ್ನ ಕಾವ್ಯ ಅಳಿಸಿದೆಯಾ! ನನ್ನ ಗೋಡೆ! ನನ್ನ ಬಣ್ಣ! ನನ್ನ ಕುಂಚ!"

"ಹೂಂ. ಈಗ ಕೂಗಿ," ಎಂದಳು. "ಈ ಕೂಗಿಗೇ ಕಾದಿದ್ದೆ. ಎಲ್ಲಾದ್ರೂ ಒಂದು ಕೊಂಬು ಓರೆಯಾದ್ರೆ ಊರು ಒಂದು ಮಾಡೋ ಮನುಷ್ಯರು ನೀವು. ಬಂದ ದಿನವೇ ಕೂಗ್ತೀರಿ, ಜಗಳ ಆಡೋಣ ಅಂತ ಸೆರಗು ಸಿಕ್ಕಿಸ್ಕೊಂಡು ನಿಂತಿದ್ದೆ. ನೀವು ಗೋಡೆ ನೋಡಿ, 'ಆಹಾ, ಎಂಥಾ ಅಕ್ಷರ' ಅಂತ ಒಳಗೆ ಬಂದ್ರಿ. ಒಂದು ವಾರ ನೋಡಿದೆ. ದಿನಾ ಆಹಾ ಅಂದ್ರಿ. ಆವತ್ತು ಅಡುಗೆಮನೇಲಿ ಕೂತು ಅತ್ತೆ. ಆಮೇಲೆ ಎದ್ದು ಹೋಗಿ ಕೊನೇ ಸಾಲು ಬರೆದೆ."

ಬೀದಿಯ ನಗು ನಿಂತಿತು. ನನ್ನ ಗುಡುಗೂ ನಿಂತಿತು. ಮೂಗನ್ನು ಮತ್ತೆ ಗೋಡೆಗೆ ತಾಗಿಸಿ, "ಕೊನೇ ಸಾಲು ಸ್ವಲ್ಪ ಇಳಿಜಾರಾಗಿದೆ," ಎಂದೆ.

"ಬರೆಯೋವಾಗ ಕೈ ನಡುಗ್ತು."

ತಿರುಗಿ ಹೋಗಿ ಕುರ್ಚಿಯಲ್ಲಿ ಕೂತೆ. ಟಾರ್ಚು ಬಿಟ್ಟರು. ಎರಡೂ ಕಣ್ಣಿಗೆ ಪೊರೆ, ಎಡಗಡೆಯದು ಪೂರ್ತಿ ಬಲಿತಿದೆ, ಇನ್ನು ತಡಮಾಡಬಾರದು ಎಂದರು. ಚೀಟಿ ಬರೆದರು. ನನ್ನ ಮಾನ ಹೋದದ್ದರಿಂದ ಒಂದು ಪ್ರಯೋಜನವಾಯಿತು. ಆವತ್ತೇ ಇಪ್ಪತ್ತೆರಡು ಜನ ಕಣ್ಣು ತೋರಿಸಿಕೊಂಡರು. "ಗೋಡೆ ಬರೆದವರಿಗೇ ಗೋಡೆ ಕಾಣ್ಸಲ್ಲ ಅಂದ್ರೆ, ನಮ್ಮದೂ ನೋಡಿಸ್ಕೊಂಡು ಬಿಡೋಣ," ಎಂದು ಲಂಬೂ ಮಾವನೇ ಸಾಲಿನಲ್ಲಿ ನಿಂತರು. ಅವರಿಗೂ ಪೊರೆಯ ಶುರುವಂತೆ. ನಾನು ನಕ್ಕೆ, ಎತ್ತರ ಸಾಲಲಿಲ್ಲ.

ಆಪರೇಷನ್ನಿನ ವರ್ಣನೆ ನಿಮಗೆ ಬೇಡ. ನಾನು ಉಯಿಲು ಬರೆದಿಟ್ಟು, ತಂಗಿಗೆ ಕಾಗದ ಹಾಕಿ, ಡಾಕ್ಟರಿಗೆ ಮೊದಲೇ ಕ್ಷಮೆ ಕೊಟ್ಟು ಮಲಗಿದೆ. ಅವರು "ಆಯ್ತು, ಏಳಿ" ಅಂದರು. ಶುರು ಮಾಡುತ್ತೀರಾ ಎಂದು ಕೇಳಿದೆ. ಮುಗಿಯಿತು ಅಂದರು. ಇಷ್ಟಕ್ಕಾಗಿ ಎರಡು ವರ್ಷ ಕೋಟಿನ ಜೊತೆ ಮಾತಾಡಿದೆನೇ ಎಂದು ನನಗೇ ನಾಚಿಕೆಯಾಯಿತು.

ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕದ ಕಾಲವೂ ಮುಗಿದು, ಎಡಗಣ್ಣು ಬೆಳ್ಳಿ ಬಟ್ಟಲಿನ ಹಾಗೆ ತೆರೆದುಕೊಂಡಿತು. ಮಾಡಿದ ಮೊದಲ ಕೆಲಸ, ಒಂದು ಡಬ್ಬಿ ಸುಣ್ಣ ಹಿಡಿದು ಗೋಡೆಗೆ ಹೋದದ್ದು. ಅಕ್ಷರಗಳು ಮೊದಲನೇ ತರಗತಿಯ ಮಕ್ಕಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಸಾಲಾಗಿ ನಿಂತಿದ್ದವು. ಅದೇನೂ ಕೆಟ್ಟದಾಗಿರಲಿಲ್ಲ. (ಅವಳಿಗೆ ಹೇಳಬೇಡಿ.) ನನಗೆ ಬೇಕಾಗಿದ್ದದ್ದು ಕೊನೆಯ ಸಾಲು. ಕುಂಚ ಅದ್ದಿದೆ.

"ಕೈ ತೆಗೀರಿ," ಎಂದಳು ಹಿಂದಿನಿಂದ ಮೂರನೆಯ ಕಣ್ಣು.

"ಕಣ್ಣು ಬಂತಲ್ಲೇ! ಇನ್ನು ಯಾಕೆ ಈ ಸಾಲು? ಇಡೀ ಊರು ಓದುತ್ತೆ!"

"ಎಷ್ಟು ಬಂತು?"

"ಒಂದು."

"ಗೋಡೆ ಮೇಲೆ ಸುಳ್ಳಿರಬಾರದು, ನಿಜ," ಎಂದು ನನ್ನ ಕೈಯಿಂದ ಕುಂಚ ಕಸಿದುಕೊಂಡಳು. ಅದನ್ನು ಒರೆಸಿ, ಜೊತೆಗೇ ತಂದಿದ್ದ ನೀಲಿಯಲ್ಲಿ ಅದ್ದಿ, 'ಕಣ್ಣು' ಎಂಬುದಕ್ಕೆ ಮೊದಲು, ಸ್ವಲ್ಪ ಮೇಲಕ್ಕೆ, ಒಂದು ಪದ ಸೇರಿಸಿದಳು. ಈಗ ಸಾಲು ಹೀಗಿದೆ: 'ಈ ಮನೆಯ ಪೇಂಟರ್ ತಾತನಿಗೆ ಒಂದು ಕಣ್ಣು ಕಾಣಿಸುವುದಿಲ್ಲ.'

"ಇನ್ನೊಂದೂ ಮಾಡಿಸ್ಕೊಂಡು ಬನ್ನಿ. ಆಮೇಲೆ ನೀವೇ ಅಳಿಸುವಿರಂತೆ."

ಮಾರನೆಯ ಶುಕ್ರವಾರ ಕೇಂದ್ರದ ಬಾಗಿಲು ತೆಗೆಯುವ ಮೊದಲೇ ಹೋಗಿ ಸಾಲಿನ ಮುಂದೆ ನಿಂತೆ. ನರ್ಸಮ್ಮ ಬೀಗದ ಕೈ ಹಿಡಿದು ಬಂದವಳು ಬೆರಗಾದಳು.

"ಏನ್ ತಾತ, ಮೊದಲ್ನೇ ಕಣ್ಣಿಗೆ ಎರಡು ವರ್ಷ ತಪ್ಪಿಸ್ಕೊಂಡ್ರಿ, ಎರಡನೇದಕ್ಕೆ ಇಷ್ಟು ಅವಸರ?"

"ಕಣ್ಣಿಗಲ್ಲಮ್ಮ ನಾನು ಬಂದಿರೋದು, ಮಾನಕ್ಕೆ."

ಅವಳು ಬಾಗಿಲು ತೆರೆದು, ದಾಖಲೆ ಪುಸ್ತಕ ಬಿಡಿಸಿ, ನನ್ನ ಹೆಸರು ಬರೆಯುತ್ತಾ ಹೇಳಿದಳು: "ಮಾನ ನಮ್ಮ ಪಟ್ಟೀಲಿ ಇಲ್ಲ ತಾತ. ಕಣ್ಣಿದೆ, ಬನ್ನಿ."